ಕಪ್ಪುಕುಳಿಯನ್ನು ತಟ್ಟಿ ನೋಡಿದವರು ನಮ್ಮ ಬೆಂಗಳೂರಿನವರು

ಮಾನ್ಯ ಸಂಪಾದಕರೇ,

ಗುರುತ್ವ ಅಲೆಗಳ (ಭಾರಿ ಕಾಯಗಳು ಚಲಿಸುವಾಗ ಸ್ಪೇಸ್‌ನಲ್ಲೇ ಏಳುವ ತರಂಗಗಳ) ಸುದ್ದಿ ಬಂದಾಗಲೆಲ್ಲ ನಾನು ಒಂದು ಹೆಸರು ಹುಡುಕುತ್ತೇನೆ. ಐನ್‌ಸ್ಟೈನ್ ಇರುತ್ತಾರೆ, ಆ ಅಲೆಗಳನ್ನು ಹಿಡಿಯುವ ಅಮೆರಿಕದ ಲೈಗೋ ವೀಕ್ಷಣಾಲಯ ಇರುತ್ತದೆ, ಆ ಕೆಲಸಕ್ಕೆ ಸಂದ 2017ರ ನೊಬೆಲ್ ಕೂಡ ಇರುತ್ತದೆ. ಸಿ.ವಿ. ವಿಶ್ವೇಶ್ವರ ಅವರ ಹೆಸರು ಮಾತ್ರ ಎಷ್ಟೋ ಸಲ ಸಿಗುವುದಿಲ್ಲ. ಬೆಂಗಳೂರಿನಲ್ಲೇ ಹುಟ್ಟಿದವರು, ನೆಹರು ತಾರಾಲಯದ ಮೊದಲ ನಿರ್ದೇಶಕರು. ಪಿಯು ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರಾಗಿ ಆ ತಾರಾಲಯಕ್ಕೆ ವರ್ಷಗಟ್ಟಲೆ ಮಕ್ಕಳನ್ನು ಕರೆದುಕೊಂಡು ಹೋದ ನನಗೇ ಅವರ ಸಂಶೋಧನೆ ಏನೆಂದು ತಿಳಿದಿದ್ದು ಬಹಳ ತಡವಾಗಿ. ಅದಕ್ಕೇ ಈ ಪತ್ರ.

ಸಂತೆಯಲ್ಲಿ ಮಡಕೆ ಕೊಳ್ಳುವಾಗ ಬೆರಳಲ್ಲಿ ತಟ್ಟಿ ಸದ್ದು ಕೇಳುತ್ತೇವೆ, ಅಲ್ವಾ? ಕಣಗಳನ್ನು ಡಿಕ್ಕಿ ಹೊಡೆಸುವ ವಿಜ್ಞಾನಿಗಳ ದಾರಿಯೂ ಹೆಚ್ಚು ಕಡಿಮೆ ಇದೇ. ರುದರ್‌ಫರ್ಡ್ ಅವರ ಸಂಗಡಿಗರು ಚಿನ್ನದ ತೆಳು ಹಾಳೆಗೆ ಆಲ್ಫಾ ಕಣಗಳನ್ನು ಹಾಯಿಸಿದರು, ಅವು ಚದುರಿದ ರೀತಿ ನೋಡಿಯೇ ಪರಮಾಣುವಿನ ನಡುವೆ ನ್ಯೂಕ್ಲಿಯಸ್ ಇದೆ ಎಂದು 1911ರಲ್ಲಿ ರುದರ್‌ಫರ್ಡ್ ಹೇಳಿದರು. ಜಿನೀವಾ ಹತ್ತಿರದ 27 ಕಿ.ಮೀ. ಸುರಂಗದಲ್ಲಿ ಪ್ರೋಟಾನ್‌ಗಳು ಡಿಕ್ಕಿ ಹೊಡೆಯುವುದೂ ಇಂಥದ್ದೇ ಉದ್ದೇಶಕ್ಕೆ.

ವಿಶ್ವೇಶ್ವರ ಅವರು ಕಪ್ಪುಕುಳಿಯನ್ನೇ (ಬೆಳಕೂ ತಪ್ಪಿಸಿಕೊಳ್ಳಲಾಗದಷ್ಟು ಗುರುತ್ವವುಳ್ಳ ಕಾಯವನ್ನೇ) ತಟ್ಟಿದರು, ಕಂಪ್ಯೂಟರಿನ ಲೆಕ್ಕದಲ್ಲಿ. ಕಪ್ಪುಕುಳಿ ನಿಜವಾಗಿ ಇದೆಯೋ ಇಲ್ಲವೋ ಎಂದು ದೊಡ್ಡವರೇ ಅನುಮಾನಪಡುತ್ತಿದ್ದ ಕಾಲ ಅದು. ಗುರುತ್ವದ ಒಂದು ಅಲೆಯನ್ನು ಅದರ ಮೇಲೆ ಬಿಟ್ಟು, ಏನು ವಾಪಸ್ ಬರುತ್ತದೆ ಎಂದು ನೋಡಿದರು. ಅಗಲವಾದ ಅಲೆಗೆ ವಿಶೇಷವೇನೂ ಕಾಣಲಿಲ್ಲ. ಅಲೆಯನ್ನು ಕಿರಿದು ಮಾಡುತ್ತಾ ಹೋದ ಹಾಗೆ, ವಾಪಸ್ ಬಂದದ್ದರ ಬಾಲದಲ್ಲಿ ಒಂದು ಕಂಪನ ಕಾಣಿಸಿತು, ದೇವಸ್ಥಾನದ ಗಂಟೆಯ ನಾದದಂತೆ ಬೇಗ ಬೇಗ ಕುಗ್ಗುವ ಕಂಪನ. ಗಂಟೆಯನ್ನು ಯಾವುದರಿಂದ ಹೊಡೆದರೂ ಸ್ವರ ಗಂಟೆಯದೇ. ಇಲ್ಲೂ ಹಾಗೆಯೇ, ಆ ಸ್ವರದಿಂದ ಕಪ್ಪುಕುಳಿಯ ತೂಕ ಹೇಳಬಹುದು. ಈ ಲೇಖನ 1970ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು.

2015ರ ಸೆಪ್ಟೆಂಬರ್ 14ರಂದು ಲೈಗೋಗೆ ಮೊದಲ ಅಲೆ ಸಿಕ್ಕಿತು. ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ಕಪ್ಪುಕುಳಿ ಒಂದಾಗಿದ್ದವು. ಸಂಕೇತದ ಕೊನೆಯಲ್ಲಿ ಅದೇ ಕುಗ್ಗುವ ನಾದ! 45 ವರ್ಷದ ಹಿಂದಿನ ಲೆಕ್ಕ ನಿಜವಾಗಿತ್ತು. 2016ರ ಫೆಬ್ರವರಿಯಲ್ಲಿ ಅದನ್ನು ಜಗತ್ತಿಗೆ ತಿಳಿಸಿದಾಗ ವಿಶ್ವೇಶ್ವರ ಅವರಿಗೆ 77 ವರ್ಷ, ಮುಂದಿನ ಜನವರಿಯಲ್ಲಿ ತೀರಿಕೊಂಡರು. ಕಣ್ಣಾರೆ ಕಂಡು ಹೋದರಲ್ಲ ಎಂದು ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಕೆಲಸ ಅಲ್ಲಿಗೇ ನಿಂತಿಲ್ಲ. 2025ರ ಜನವರಿಯಲ್ಲಿ ಸಿಕ್ಕ ಬಹಳ ಸ್ಪಷ್ಟವಾದ ಅಲೆಯಲ್ಲಿ ಇಂಥ ಎರಡು ಸ್ವರಗಳನ್ನು ಬಿಡಿಸಿ ಗುರುತಿಸಿದ್ದಾರೆ. ಇನ್ನೊಂದು ಕಡೆ, ಕಣಗಳ ಡಿಕ್ಕಿಗೆಂದು ಬೆಳೆಸಿದ ಲೆಕ್ಕದ ವಿಧಾನಗಳನ್ನೇ 2019ರಲ್ಲಿ ಭೌತವಿಜ್ಞಾನಿ ಜ್ವಿ ಬರ್ನ್ ಮತ್ತು ಜೊತೆಗಾರರು ಕಪ್ಪುಕುಳಿ ಜೋಡಿಗೆ ಹಚ್ಚಿದರು. ಅತಿ ಚಿಕ್ಕದಕ್ಕೂ ಅತಿ ಭಾರದ್ದಕ್ಕೂ ಒಂದೇ ಲೆಕ್ಕ ನಡೆಯುತ್ತದೆ ಅಂದರೆ ಸುಮ್ನೆ ಮಾತಲ್ಲ.

ಇದನ್ನೆಲ್ಲ ಬಲ್ಲವರು ನಮ್ಮ ಬೆಂಗಳೂರಿನಲ್ಲೇ ಇದ್ದಾರೆ. ಅವರಲ್ಲಿ ಯಾರಿಂದಲಾದರೂ ಒಂದು ಭಾನುವಾರ ಅರ್ಧ ಪುಟ ಬರೆಸಿ, ಸರಳವಾದ ಕನ್ನಡದಲ್ಲಿ, ವಿಶ್ವೇಶ್ವರರ ಆ ನಾದದ ಚಿತ್ರದ ಸಮೇತ. ತಾರಾಲಯಕ್ಕೆ ಹೊರಡುವ ಬಸ್ಸು ಹತ್ತುವ ಮೊದಲು ಮಕ್ಕಳು ಅದನ್ನು ಓದಿರಲಿ.

— ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ತುಮಕೂರು