ಬರೀ ಒಂದು ಸಹಿ

ಚಿ. ಸವಿತಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಸೋಮವಾರ ಬಂತು. ನಮ್ಮ ಅಕ್ಕಿ ಮಿಲ್ಲಿನ ಜೊತೆಗೆ ನೀನು ಹೊಸದಾಗಿ ಹಾಕಬೇಕೆಂದಿರುವ ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನ ಲೆಕ್ಕ, ದೋಸೆ ಹಿಟ್ಟಿನ ಯೂನಿಟ್ಟು, ಎರಡನೇ ಮಿಲ್ಲು, ಎಲ್ಲಾ ಓದಿದೆ. ಲೆಕ್ಕದಲ್ಲಿ ತಪ್ಪು ಅನ್ನುವಂಥದ್ದು ಕಾಣಲಿಲ್ಲ. ಆದರೆ ಮೂರನೇ ಪುಟದ ಕೊನೆಗೆ ಬರೆದಿದ್ದೀಯಲ್ಲ, "ಕೋಲ್ಡ್ ಸ್ಟೋರೇಜಿನ ಸಾಲಕ್ಕೆ ನಮ್ಮ ಮಿಲ್ಲಿನ ಗ್ಯಾರಂಟಿ ಕೇಳ್ತಿದ್ದಾರೆ, ಯಾಕೋ ಸ್ವಲ್ಪ ಭಯ ಆಯ್ತು, ಬರೀ ಒಂದು ಸಹಿ ತಾನೇ ದೊಡ್ಡಪ್ಪ" ಅಂತ. ಅಲ್ಲಿಂದ ಮುಂದಕ್ಕೆ ಓದಲು ಆಗಲಿಲ್ಲ. ರಾತ್ರಿ ಎದ್ದು ಮತ್ತೆ ಅದೇ ಸಾಲು ಓದಿದೆ.

ನಿನ್ನ ವಾದ ಅರ್ಥವಾಗುತ್ತೆ. ಭದ್ರಾ ನಾಲೆಗೆ ನೀರು ಬಿಡದ ವರ್ಷ ಭತ್ತ ಇರಲ್ಲ, ಮಿಲ್ಲು ಕೂತುಬಿಡುತ್ತೆ. ನಾಲ್ಕು ವ್ಯಾಪಾರ ಇದ್ದರೆ ಒಂದು ಬಿದ್ದರೂ ಮೂರು ನಿಲ್ಲುತ್ತವೆ ಅಂತೀಯ. ಸರಿ. ಆದರೆ ನಾಲ್ಕನ್ನೂ ಒಂದೇ ಹಗ್ಗಕ್ಕೆ ಕಟ್ಟಿದ ಮೇಲೆ, ಬಿದ್ದದ್ದು ಉಳಿದವನ್ನೂ ಎಳೆದುಕೊಂಡೇ ಹೋಗುತ್ತೆ. ನಿನಗೆ ಭಯ ಹುಟ್ಟಿಸಿದ ಆ ಸಹಿಯೇ ಹಗ್ಗ.

ಬೆಂಗಳೂರಿನಲ್ಲಿ ಎಲ್ಲರ ಕಣ್ಣೆದುರೇ ಆಯಿತಲ್ಲ. ಯುಬಿ ಗ್ರೂಪಿನ ಬೀರಿಗೆ, ಬ್ರಾಂದಿ ವಿಸ್ಕಿಗೆ ಗಿರಾಕಿ ಕಡಿಮೆಯಾಗಿರಲಿಲ್ಲ. 2005ರಲ್ಲಿ ಅದೇ ಗ್ರೂಪಿನ ಕಿಂಗ್‌ಫಿಷರ್ ವಿಮಾನ ಹಾರಿತು, 2012ರ ಅಕ್ಟೋಬರಿನಲ್ಲಿ ನಿಂತಿತು. ಅದರ ಸಾಲಕ್ಕೆ ಗ್ರೂಪಿನ ಮೂಲ ಕಂಪನಿ ಯುಬಿ ಹೋಲ್ಡಿಂಗ್ಸ್ ಕೊಟ್ಟಿದ್ದ ಗ್ಯಾರಂಟಿ ಮಾತ್ರ ಜೀವಂತವಾಗಿತ್ತು. ಮುಂದಿನ ತಿಂಗಳೇ ಮದ್ಯದ ಕಂಪನಿಯನ್ನು ಬ್ರಿಟನ್ನಿನ ಡಿಯಾಜಿಯೋಗೆ ಬಿಟ್ಟುಕೊಡುವ ಒಪ್ಪಂದ. 2017ರಲ್ಲಿ ಹೋಲ್ಡಿಂಗ್ ಕಂಪನಿಯನ್ನೇ ಮುಚ್ಚಲು ಹೈಕೋರ್ಟ್ ಆದೇಶ.

ಅಷ್ಟು ದೂರ ಯಾಕೆ. ಚಳ್ಳಕೆರೆಯ ನಮ್ಮ ಎಣ್ಣೆ ಮಿಲ್ಲು ಮುಳುಗಿದ ಕಥೆ ನಿನಗೆ ಗೊತ್ತು, ಮತ್ತೆ ಹೇಳಲ್ಲ. 1994ರಲ್ಲಿ ಪಾಮೋಲಿನ್ ಆಮದಿಗೆ ಬಾಗಿಲು ತೆರೆದರು, ನಾಲ್ಕೈದು ವರ್ಷದಲ್ಲಿ ಸುಂಕ 65 ಪರ್ಸೆಂಟಿನಿಂದ 15ಕ್ಕೆ ಇಳಿಯಿತು, ಶೇಂಗಾ ಎಣ್ಣೆ ಕೇಳುವವರು ಕಡಿಮೆಯಾದರು. ಅದನ್ನು ನಾನು ತಡೆಯಲು ಆಗುತ್ತಿರಲಿಲ್ಲ. ನಿನಗೆ ಗೊತ್ತಿಲ್ಲದ್ದು ಬೇರೆ ಇದೆ.

ಎಣ್ಣೆ ಮಿಲ್ಲಿನ ಸಾಲಕ್ಕೆ ಅಕ್ಕಿ ಮಿಲ್ಲಿನ ಗ್ಯಾರಂಟಿ ಕೊಡುವ ಫಾರಂಗೆ ನಿಮ್ಮಪ್ಪನ ಸಹಿ ಹಾಕಿಸಿದ್ದು ನಿನ್ನ ಅತ್ತೆಯ ಮದುವೆಮನೆಯಲ್ಲಿ. ಅವನು ಪಂಕ್ತಿಯಲ್ಲಿ ಹೋಳಿಗೆಗೆ ತುಪ್ಪ ಬಡಿಸುತ್ತಿದ್ದ. ಗಿಂಡಿ ಕೆಳಗಿಟ್ಟು, ಕೈಯನ್ನು ಪಂಚೆಗೆ ಒರೆಸಿಕೊಂಡು ಪೆನ್ನು ಹಿಡಿದ. "ಏನಣ್ಣಾ ಇದು?" ಅಂದ. "ಬರೀ ಒಂದು ಸಹಿ, ಹಾಕು" ಅಂದೆ. ಕಾಗದದ ಮೂಲೆಗೆ ತುಪ್ಪದ ಕಲೆ ಆಯಿತು. ನೀನು ಬರೆದ ಮಾತು ಅಕ್ಷರಕ್ಕಕ್ಷರ ನನ್ನದೇ, ಮಗಳೇ.

ಎಣ್ಣೆ ಮಿಲ್ಲು ಬಿದ್ದ ವರ್ಷ ಅಕ್ಕಿ ಮಿಲ್ಲಿಗೆ ನಷ್ಟವೇ ಇರಲಿಲ್ಲ. ಆದರೂ ಡಿಸೆಂಬರಿನಲ್ಲಿ, ಭತ್ತದ ಸುಗ್ಗಿ ಹೊತ್ತಿಗೆ ಸರಿಯಾಗಿ, ಆ ಗ್ಯಾರಂಟಿಯಿಂದಾಗಿ ನಮ್ಮ ಸಿ.ಸಿ. ಖಾತೆ, ಅಂದರೆ ಬೇಕಾದಾಗ ಸಾಲ ತೆಗೆಯುವ ಬ್ಯಾಂಕ್ ಖಾತೆ, ನಿಂತುಹೋಯಿತು. ಇಳಿಸಿಕೊಂಡ ಭತ್ತಕ್ಕೆ ಕೊಡಲು ದುಡ್ಡಿಲ್ಲ. ರುಮಾಲಿನ ಮಡಿಕೆಯಲ್ಲಿ ತೂಕದ ಚೀಟಿ ಸಿಕ್ಕಿಸಿಕೊಂಡು ಒಬ್ಬ ರೈತ ಮೂರು ಸಲ ಬಂದ. 40 ಚೀಲದ ದುಡ್ಡು. ಮೂರನೇ ಸಲ ಅವನ ದನಿ ಕೇಳಿ ನಾನು ಹಿಂದಿನ ಬಾಗಿಲಿಂದ ಹೊರಟುಹೋದೆ. ನಿಮ್ಮಪ್ಪ ಅವನೆದುರು ಕೂತ. ಆಮೇಲೆ ಬಡ್ಡಿ ಸಮೇತ ಕೊಟ್ಟೆವು ನಿಜ. ಮುಂದಿನ ಸುಗ್ಗಿಗೆ ಅವನ ಟ್ರ್ಯಾಕ್ಟರ್ ನಮ್ಮ ಗೇಟಿನ ಹತ್ತಿರ ನಿಧಾನವೂ ಆಗದೆ ಮುಂದಕ್ಕೆ ಹೋಯಿತು.

ಇಂಥವನು ನಿನಗೆ ಬುದ್ಧಿ ಹೇಳುವುದು ಹೇಗೆ ಅಂತ ಸಂಕೋಚ. ಆದರೂ ಬರೀತೀನಿ. ಎಲ್ಲಾ ಮುಗಿದ ಮೇಲೆ ವಕೀಲರು 1872ರ ಕರಾರು ಕಾಯ್ದೆಯ 128ನೇ ಸೆಕ್ಷನ್ ತೋರಿಸಿದರು. ಕರಾರಿನಲ್ಲಿ ಬೇರೆ ಥರ ಬರೆಯದಿದ್ದರೆ, ಸಾಲ ಮಾಡಿದವನ ಹೊಣೆ ಎಷ್ಟೋ ಜಾಮೀನು ನಿಂತವನದೂ ಅಷ್ಟೇ. ಬೇರೆ ಥರ ಬರೆಸಬಹುದು ಅನ್ನೋದೇ ನನಗೆ ಅವತ್ತು ಗೊತ್ತಾದದ್ದು. ಇಷ್ಟು ಮೊತ್ತಕ್ಕೆ ಮಾತ್ರ, ಇಷ್ಟು ವರ್ಷಕ್ಕೆ ಮಾತ್ರ ಅಂತ ಕೇಳಿ ನೋಡು. ಬ್ಯಾಂಕಿನವರು ಒಪ್ಪುತ್ತಾರೋ ಇಲ್ಲವೋ. ಒಪ್ಪದಿದ್ದರೆ ಕೋಲ್ಡ್ ಸ್ಟೋರೇಜನ್ನು ಅರ್ಧದಷ್ಟೇ ದೊಡ್ಡದಾಗಿ ಕಟ್ಟಿಸು, ಇಲ್ಲಾ ಪಾಲುದಾರರನ್ನು ಸೇರಿಸಿಕೋ. ದೊಡ್ಡದು ಕಟ್ಟಿದರೆ ಚೀಲಕ್ಕೆ ಬೀಳುವ ಖರ್ಚು ಇಳಿಯುತ್ತೆ ಅಂತ ಬರೆದಿದ್ದೀಯ, ತುಂಬಿದರೆ ನಿಜ. ಮೆಣಸಿನಕಾಯಿಗೆ ಒಳ್ಳೇ ದರ ಸಿಕ್ಕ ವರ್ಷ ರೈತರು ಮಾರಿಬಿಡುತ್ತಾರೆ, ಯಾರು ತಂದಿಡುತ್ತಾರೆ? ಅರ್ಧ ಖಾಲಿ ಇದ್ದರೂ ಕಂಪ್ರೆಸರ್ ಓಡಲೇಬೇಕು, ಕಂತು ಕಟ್ಟಲೇಬೇಕು. ಆಗ ಮತ್ತೆ ಆ ಸಹಿ ಮಿಲ್ಲಿನ ಬಾಗಿಲಿಗೆ ಬರುತ್ತೆ.

ಎಂಟಿಆರ್ ನೋಡು. 1924ರ ಹೋಟೆಲು. ತುರ್ತು ಪರಿಸ್ಥಿತಿಯಲ್ಲಿ ತಿಂಡಿಯ ದರಕ್ಕೆ ಕಡಿವಾಣ ಬಿದ್ದಾಗ ಪ್ಯಾಕೆಟ್ಟಿನ ವ್ಯಾಪಾರಕ್ಕೆ ಕೈಹಾಕಿದರು. ಅದು ಬೆಳೆದು 2007ರಲ್ಲಿ ನಾರ್ವೆಯ ಓರ್ಕ್ಲಾ ಪಾಲಾಯಿತು. ಲಾಲ್‌ಬಾಗ್ ರಸ್ತೆಯ ಹೋಟೆಲು ಬೇರೆಯೇ ಇತ್ತು, ಮನೆಯವರ ಕೈಯಲ್ಲೇ ಉಳಿಯಿತು.

ಇನ್ನೊಂದು. ನೂರು ಕೆ.ಜಿ. ಭತ್ತಕ್ಕೆ ಸುಮಾರು 20 ಕೆ.ಜಿ. ಹೊಟ್ಟು ಬರುತ್ತೆ, ತೌಡು ಬೇರೆ. ನಿನ್ನ ಹೊಸ ವ್ಯಾಪಾರಗಳ ಪಟ್ಟಿಯಲ್ಲಿ ಅವೆರಡೂ ಇಲ್ಲ. ಈಗಿನ ಮಾರ್ಕೆಟ್ಟು ನನಗೆ ತಿಳಿಯದು, ತಪ್ಪಾಗಿದ್ದರೆ ಬಿಟ್ಟುಬಿಡು.

ಒಂದೇ ಕೇಳಿಕೊಳ್ತೀನಿ. ಆ ಫಾರಂ ತಗೊಂಡು, ನಿಮ್ಮಪ್ಪ ಊಟ ಮುಗಿಸಿ ಕೂತಾಗ ಮೊದಲಿಂದ ಕೊನೆವರೆಗೂ ಓದಿ ಹೇಳು. ಬೇಡ ಅಂದರೆ ಯಾಕೆ ಅಂತ ಕೇಳು. ಆ ಮದುವೆಮನೆಯ ದಿನದ ಬಗ್ಗೆ ನನ್ನ ಹತ್ತಿರ ಅವನು ಇವತ್ತಿಗೂ ಮಾತೆತ್ತಿಲ್ಲ. ನಿನ್ನ ಹತ್ತಿರ ಹೇಳಬಹುದು. ನಕಲು ಒಂದು ನನಗೂ ಕಳಿಸು. ಹೊಸ ಕನ್ನಡಕ ಬಂದಿದೆ, ಸಣ್ಣಕ್ಷರವೂ ಕಾಣುತ್ತೆ.

ಇಂತಿ,
ನಿನ್ನ ದೊಡ್ಡಪ್ಪ