ಮುಂಬಯಿ ಕಲಾ ಪ್ರವಾಸದ ಸೋಮವಾರದ ಬಗ್ಗೆ ದೂರು

ನವನಗರ, ಬಾಗಲಕೋಟೆ

ಗೆ,
ವ್ಯವಸ್ಥಾಪಕರು, ಪ್ರವಾಸ ವಿಭಾಗ

ಮಾನ್ಯರೇ,

ಕಳೆದ ತಿಂಗಳು ನಿಮ್ಮ ಮುಂಬಯಿ ಪ್ಯಾಕೇಜಿನಲ್ಲಿ ನಾನು ಮತ್ತು ನಮ್ಮ ಮನೆಯವರು ಹೋಗಿಬಂದೆವು. ತಲಾ 7,500 ರೂಪಾಯಿಯಂತೆ 15,000 ಕಟ್ಟಿದ್ದೇನೆ, ರಸೀದಿಯ ಝೆರಾಕ್ಸ್ ಲಗತ್ತಿಸಿದೆ. ಬಸ್ಸು, ಲಾಡ್ಜು, ಊಟದ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಸೋಮವಾರದ್ದು.

"ಸೋಮವಾರ: ಇಡೀ ದಿನ ಕಲಾ ಸಂಗ್ರಹಾಲಯಗಳು" ಎಂದು ನಿಮ್ಮ ಹ್ಯಾಂಡ್‌ಬಿಲ್ಲಿನಲ್ಲಿ ದಪ್ಪಕ್ಷರದಲ್ಲಿದೆ. 31 ವರ್ಷ ಡ್ರಾಯಿಂಗ್ ಮಾಸ್ತರಕಿ ಮಾಡಿದವನು ನಾನು, ಆ ಒಂದು ಸಾಲು ನೋಡಿಯೇ ದುಡ್ಡು ಕಟ್ಟಿದೆ. ಆದರೆ ಬೆಳಿಗ್ಗೆ ನಿಮ್ಮ ಹುಡುಗ ನಮ್ಮನ್ನು ಇಳಿಸಿದ್ದು ಒಂದು ಡ್ರೈಫ್ರೂಟ್ಸ್ ಅಂಗಡಿ ಮುಂದೆ. ಅಲ್ಲಿ ಎರಡೂವರೆ ತಾಸು. ಬದಾಮಿ ಕೊಳ್ಳಲು ಬಾದಾಮಿ ಸೀಮೆಯವರು ಮುಂಬಯಿಗೆ ಹೋಗಬೇಕೇ?

ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯ ತಲುಪಿದಾಗ, "ಮುಕ್ಕಾಲು ತಾಸು ಐತ್ರಿ ಸರ್, ಲಗೂ ಮುಗಿಸಿ ಬರ್ರಿ" ಅಂದ. 1922ರಲ್ಲಿ ತೆರೆದ, ಮೂರು ಅಂತಸ್ತಿನ ಕಟ್ಟಡವದು. ಅದರ ಗುಮ್ಮಟಕ್ಕೆ ನಮ್ಮ ಪಕ್ಕದ ಜಿಲ್ಲೆಯ ಗೋಲಗುಮ್ಮಟವೇ ಮಾದರಿ. ಬಸ್ಸಿನಲ್ಲಿ ವಿಜಯಪುರದವರು ಆರು ಜನ ಇದ್ದರು, ಅವರಿಗೂ ಆ ಹುಡುಗ ಒಂದು ಮಾತು ಹೇಳಲಿಲ್ಲ.

ನಾನು ಸೀದಾ ಕೆಳಗಿನ ಶಿಲ್ಪಗಳ ಕಡೆ ಹೋದೆ. ಅಲ್ಲಿ ನಮ್ಮ ಐಹೊಳೆಯ ಬ್ರಹ್ಮ ಇದ್ದಾನೆ, 7ನೇ ಶತಮಾನದವನು. ಮೂಲದಲ್ಲಿ ಗುಡಿಯ ಚಾವಣಿಯ ಕಲ್ಲು. ಐಹೊಳೆಯಲ್ಲಿ ಚಾವಣಿ ಶಿಲ್ಪ ನೋಡಬೇಕೆಂದರೆ ಕತ್ತು ಹಿಂದಕ್ಕೆ ಚೆಲ್ಲಿ, ಬಾವಲಿ ವಾಸನೆಯಲ್ಲಿ ಕಣ್ಣು ಕಿರಿದು ಮಾಡಿ ನಿಲ್ಲಬೇಕು. ಎಷ್ಟೋ ಸಲ ಶಾಲೆ ಮಕ್ಕಳನ್ನು ಕರೆದುಕೊಂಡು ಹೋಗಿ ಹಾಗೆ ನಿಂತಿದ್ದೇನೆ. ಇಲ್ಲಿ ಅದೇ ಕಲ್ಲು ಎದೆಯ ಎತ್ತರಕ್ಕೆ, ಮುಖಕ್ಕೆ ಮುಖ. ಮೂರು ಮುಖ ಕಾಣುತ್ತವೆ, ನಾಲ್ಕನೆಯದು ಕಲ್ಲಿನೊಳಗೇ ಉಳಿದಿದೆ ಅಂತ ಮನಸ್ಸೇ ತುಂಬಿಕೊಳ್ಳುತ್ತದೆ. ಊರಿನ ಕಲ್ಲನ್ನು ಊರಲ್ಲಿ ಇಷ್ಟು ಹತ್ತಿರ ನೋಡಿರಲಿಲ್ಲವಲ್ಲ ಎಂದು ಸಂಕಟವೂ ಆಯಿತು. ಜೇಬಿನಿಂದ ಪೆನ್ಸಿಲ್, ಚೀಟಿ ತೆಗೆದು ಹುಬ್ಬಿನ ಗೆರೆ ಮುಗಿಸುವಷ್ಟರಲ್ಲಿ ಫೋನು: "ಎಲ್ಲಾರೂ ಬಸ್ಸಿನ್ಯಾಗ ಕುಂತಾರ್ರಿ." ಮೇಲಿನ ಚಿಕಣಿ (ಮಿನಿಯೇಚರ್) ಚಿತ್ರಗಳ ವಿಭಾಗಕ್ಕೆ ಮೆಟ್ಟಿಲು ಸಹ ಹತ್ತಲಿಲ್ಲ. ದಖ್ಖನಿ ಚಿತ್ರಗಳು ಅಲ್ಲೇ ಉಳಿದವು. ಆ ಚೀಟಿ ಈಗಲೂ ನನ್ನ ಬಳಿ ಇದೆ, ಒಂದೂವರೆ ಹುಬ್ಬು.

ಇಷ್ಟು ಅವಸರ ಮಾಡಿ ಒಯ್ದದ್ದೆಲ್ಲಿಗೆ? ರಸ್ತೆಯಾಚೆಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯಕ್ಕೆ. ಗೇಟಿಗೆ ಬೀಗ. ಅದು ಪ್ರತಿ ಸೋಮವಾರ ಬಂದ್ ಇರುತ್ತದೆ, ಬೆಂಗಳೂರಿನದೂ ಹಾಗೇ. ಕಾರ್ಯಕ್ರಮ ಬರೆದವರು ಒಮ್ಮೆ ವಿಚಾರಿಸಿದ್ದರೆ ಸಾಕಿತ್ತು. ಚಿತ್ರಕಾರ ಕೆ.ಕೆ. ಹೆಬ್ಬಾರರ ಒಂದು ಗೆರೆಯಾದರೂ ಕಂಡೀತೇನೋ ಎಂದು ಹೋದವನಿಗೆ ವಾಚಮನ್‌ನ ಮುಖ ಕಂಡಿತು. ಹಾಗಾದರೆ ಮ್ಯೂಸಿಯಂ ಪಕ್ಕದ ಜಹಾಂಗೀರ್ ಆರ್ಟ್ ಗ್ಯಾಲರಿಗಾದರೂ ಬಿಡು, ಪುಕ್ಕಟೆ ಪ್ರವೇಶ ಎಂದೆ. "ಪಾರ್ಕಿಂಗ್ ಇಲ್ರಿ ಸರ್" ಎಂದು ನೇರ ಜುಹೂ ಬೀಚಿಗೆ ಹೊಡೆದರು. ಅಲ್ಲಿ ಎರಡು ತಾಸು. ನಮ್ಮ ಮನೆಯವರು ಭೇಲ್ ತಿಂದರು, ನಾನು ತಿನ್ನಲಿಲ್ಲ.

ಆ ದಿನದ ಬಾಬ್ತು ಮೂರರಲ್ಲಿ ಒಂದು ಪಾಲು, ಅಂದರೆ ಇಬ್ಬರದೂ ಸೇರಿ 5,000 ರೂಪಾಯಿ ಮರಳಿಸಿರಿ. ಫೋನ್ ಮಾಡಿದಾಗ ನಿಮ್ಮ ಆಫೀಸಿನವರು "ಮುಂದಿನ ಟ್ರಿಪ್ಪಿಗೆ ಡಿಸ್ಕೌಂಟ್ ಕೊಡ್ತೇವ್ರಿ" ಎಂದರು. ಅದು ಬೇಡ. ಹ್ಯಾಂಡ್‌ಬಿಲ್ಲಿನ ಸೋಮವಾರದ ಸಾಲನ್ನು ಮೊದಲು ತೆಗೆಯಿರಿ, ಇಲ್ಲವೇ ಆ ದಿನವನ್ನು ಮಂಗಳವಾರಕ್ಕೆ ಹಾಕಿ ಅಂಗಡಿ ನಿಲುಗಡೆ ಬಿಡಿರಿ.

15 ದಿನದೊಳಗೆ ಲಿಖಿತ ಉತ್ತರ ಬರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವೆ. 5 ಲಕ್ಷ ರೂಪಾಯಿವರೆಗಿನ ದೂರಿಗೆ ಅಲ್ಲಿ ಶುಲ್ಕವಿಲ್ಲ, ನನಗೆ ಪೆನ್ಷನ್ ಇದೆ, ಪುರಸೊತ್ತೂ ಇದೆ.

ಇಂತಿ,
ನಿವೃತ್ತ ಚಿತ್ರಕಲಾ ಶಿಕ್ಷಕ

ಲಗತ್ತು: ರಸೀದಿ, ಹ್ಯಾಂಡ್‌ಬಿಲ್ಲು, ಬೀಗ ಹಾಕಿದ ಗೇಟಿನ ಫೋಟೊ