ಹಳೇ ಟ್ರ್ಯಾಕ್ಟರ್ ಕೊಳ್ಳುವ ಮುನ್ನ

ಸಂಪಾದಕರೇ,

ಹೋದ ತಿಂಗಳು ಒಂದು ಹಳೇ ಎಚ್‌ಎಂಟಿ 2511 ಟ್ರ್ಯಾಕ್ಟರ್ ತೆಗೆದುಕೊಂಡೆ. ನಾನು ಹೋಗುವಷ್ಟರಲ್ಲಿ ಮಾರುವವರು ಎಂಜಿನ್ ಬಿಸಿ ಮಾಡಿಟ್ಟಿದ್ದರು, ಒಂದೇ ಸಲಕ್ಕೆ ಚಾಲೂ ಆಯಿತು, ಸುಮ್ನೆ ನಂಬಿಬಿಟ್ಟೆ. ಮಾರನೇ ಬೆಳಿಗ್ಗೆ ಆಯಿಲ್ ಅಳೆಯುವ ಕಡ್ಡಿ (ಡಿಪ್‌ಸ್ಟಿಕ್) ಎಳೆದರೆ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ನೀರು ಸೇರಿದೆ, ಎಂಜಿನ್ ಒಳಗೆ ನೀರು, ಆಯಿಲ್ ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿರಬೇಕು ಅಂದರು ಮೆಕ್ಯಾನಿಕ್.

ಎಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿಸಿ ನೋಡಿ. ನೀಲಿ ಹೊಗೆ ನಿಲ್ಲದಿದ್ದರೆ ಆಯಿಲ್ ಸುಡುತ್ತಿದೆ, ಬಹುಶಃ ಪಿಸ್ಟನ್ ರಿಂಗ್ ಸವೆದಿದೆ. ಕಲ್ಟಿವೇಟರ್ ಎತ್ತಿ ಎಂಜಿನ್ ನಿಲ್ಲಿಸಿ. ಬೇಗ ಕೆಳಗಿಳಿದರೆ ಹೈಡ್ರಾಲಿಕ್ಕಿನಲ್ಲಿ ದೋಷ. ಆರ್‌ಸಿಯಲ್ಲಿ ಸಾಲ ನಮೂದಾಗಿದ್ದರೆ ಸಾಲ ತೀರಿದೆ ಎನ್ನುವ, ಬ್ಯಾಂಕ್ ಸಹಿಯ ಫಾರಂ 35 ಕೈಗೆ ಬರುವವರೆಗೂ ದುಡ್ಡು ಕೊಡಬೇಡಿ. ರೈತ ಸಂಪರ್ಕ ಕೇಂದ್ರಗಳಲ್ಲಿ ಇದನ್ನು ವರ್ಷಕ್ಕೊಮ್ಮೆಯಾದರೂ ಹೇಳಿಕೊಡಬಹುದು ಅಲ್ವಾ?

– ಒಬ್ಬ ರೈತ, ಹಾವೇರಿ ಜಿಲ್ಲೆ